ದಿಲ್ಶಾದ ಹೇಳಿದ ಕಾಫಿಲಾ

3 ಆಗಸ್ಟ್ 2025, ರವಿವಾರ. ಮಧ್ಯಾಹ್ನ

ಯಾರದು, ಈ ಡೈರಿ ತೆರೆದವರು? ಕೈ ತೊಳೆದಿದ್ದೀರಾ? ಮುದುಕಿ ಬರೆದದ್ದಕ್ಕೆ ಕಣ್ಣು ಹಾಕಲು ನಾಚಿಕೆ ಬೇಡವೇ? ವಾಣಿಶ್ರೀ, ನೀನಾಗಿದ್ದರೆ ಮೊದಲು ಎದ್ದು ಹಿತ್ತಲಿನ ಹಗ್ಗದ ಮೇಲಿನ ಬಟ್ಟೆ ತೆಗೆ. ಮೊಮ್ಮಗಳೆಂದು ಬಿಡುವವಳಲ್ಲ ನಾನು. ನಿನ್ನ ಅಪ್ಪ ಬಸವೇಶನಾಗಿದ್ದರೆ — ಅವನು ಓದುವವನಲ್ಲ, ಬಿಡು. ಅಕ್ಷರ ತಪ್ಪು ಹುಡುಕಬೇಡಿ. ಹತ್ತಿಮತ್ತೂರಿನ ಸಾಲಿಯಲ್ಲಿ ನಾಲ್ಕನೇ ಇಯತ್ತೆ ಕಲಿತವಳು ಈ ಸರೋಜವ್ವ. ಅಷ್ಟರಲ್ಲಿ ಇಷ್ಟು ಬರುತ್ತದೆ. ಮುಚ್ಚಿಡಿ.

ಬೆಳಿಗ್ಗೆಯಿಂದ ವೀಳ್ಯದೆಲೆ ಜೋಡಿಸಿದ್ದು. ತೋಟದಿಂದ ಬಸವೇಶ ಎರಡು ಬುಟ್ಟಿ ತಂದು ಸುರಿದ. ದಿಲ್ಶಾದ ಎಂದಿನಂತೆ ಬಂದು ಎದುರು ಕುಳಿತಳು. ಓಣಿಯ ಆಚೆಯ ಮನೆ ಅವಳದು. ನಾನು ಲಗ್ನವಾಗಿ ಸವಣೂರಿಗೆ ಬಂದ ವರ್ಷದಿಂದ ಗೆಳತಿ. ಎಲೆ ಆರಿಸುವಾಗ ಕೈಗೆ ಕೆಲಸ, ಬಾಯಿಗೆ ಕಾಫಿಲಾ.

ಕಾಫಿಲಾ ಅಂದರೆ ಸಿನಿಮಾ. ಹೊರದೇಶದ್ದು, ಹಿಂದಿ ಮಾತು ಹಾಕಿ ಇಲ್ಲಿಗೆ ಕಳಿಸುತ್ತಾರೆ. ಭೂಮಿ ಸುಟ್ಟುಹೋದ ಮೇಲೆ ಉಳಿದ ಜನ ಒಂದು ಹಡಗು ಹತ್ತಿ ಆಕಾಶದಲ್ಲಿ ಇರಲು ಊರು ಹುಡುಕುವುದು. ಎಂಟು ಭಾಗ ಬಂದಿವೆ. ಊರು ಇನ್ನೂ ಸಿಕ್ಕಿಲ್ಲ.

ಇವತ್ತು ಐದನೇ ಭಾಗದ ಮೇಲೆ ಜಗಳ.

“ಐದನೇದು ತಗದು ತಿಪ್ಪಿಗೆ ಒಗಿಬೇಕು. ಎರಡೂವರೆ ತಾಸು ಬರೇ ಬಂದೂಕು,” ಅಂದೆ.

“ಬಂದೂಕು ಇರಲಿಲ್ಲಂದ್ರ ನೀ ಗೊರಕಿ ಹೊಡೀತಿದ್ದಿ,” ಅಂದಳು ದಿಲ್ಶಾದ.

ಅಷ್ಟರಲ್ಲಿ ಕೇಬಲ್ ಆನಂದ ವೈರು ನೋಡಲು ಬಂದ. ಒಂಬತ್ತನೇ ಭಾಗ ದೀಪಾವಳಿಗೆ ಬರುತ್ತದಂತೆ. ಅದೇ ಕಡೆಯದಂತೆ. ಈ ಸಲ ಕನ್ನಡದಲ್ಲಿ. ಹಳೆಯ ಎಂಟೂ ಭಾಗಕ್ಕೆ ಕನ್ನಡ ಮಾತು ಹಾಕಿ ಟಿವಿಗೆ ಬಿಟ್ಟಿದ್ದಾರಂತೆ, ಬೇಕಾದಾಗ ನೋಡಬಹುದಂತೆ. ಖುಷಿಗೆ ಎಲೆ ಕೈಯಿಂದ ಜಾರಿತು. ಇನ್ನು ಯಾರ ಹಂಗೂ ಇಲ್ಲದೆ ನೋಡಬಹುದು!

ದಿಲ್ಶಾದಳ ಕೈ ಮಾತ್ರ ಹಾಗೇ ನಿಂತಿತು.

“ಕನ್ನಡದಾಗ ಬ್ಯಾಡ ಸರೋಜಾ. ರುಚಿ ಇರಂಗಿಲ್ಲ,” ಅಂದಳು.

ಅಸೂಯೆ. ಇಷ್ಟು ವರ್ಷ ಹಿಂದಿಯನ್ನು ಕನ್ನಡ ಮಾಡಿ ಹೇಳುವವಳು ಅವಳು, ಕೇಳುವವಳು ನಾನು. ಕುರ್ಚಿ ಹೋದಂತಾಯಿತು ಪಾಪ.

9 ಆಗಸ್ಟ್, ಶನಿವಾರ

ವಾಣಿಶ್ರೀ ಕೇಳಿದಳು: “ಆಯಿ, ಎಂಟರಾಗ ಯಾವುದು ಛಲೋ?” ಕಾಲೇಜಿಗೆ ಹೋಗುವ ಹುಡುಗಿ, ಒಂದನ್ನೂ ಪೂರ್ತಿ ನೋಡಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತೇನೆ.

ಮೊದಲನೆಯದು ಎಲ್ಲಕ್ಕಿಂತ ಮೇಲು. ಹಡಗು ಹತ್ತುವ ಮೊದಲು ಒಬ್ಬ ಮುದುಕಿ ಮನೆಯ ಹೊಸ್ತಿಲು ತೊಳೆದು ಬರುತ್ತಾಳೆ. ನಾಳೆ ಸುಟ್ಟುಹೋಗುವ ಮನೆಗೆ! ಅದನ್ನು ಬರೆದವನು ತಾಯಿಯ ಕೈಯಲ್ಲಿ ಬೆಳೆದವನು. ಎರಡನೆಯದರಲ್ಲಿ ಯಂತ್ರದ ಮನುಷ್ಯ ಬರುತ್ತಾನೆ. ನಾವು ಡಬ್ಬಿಯಣ್ಣ ಅನ್ನುತ್ತೇವೆ. ಇಡೀ ಹಡಗಿನಲ್ಲಿ ಬುದ್ಧಿ ಇರುವವನು ಅವನೊಬ್ಬನೇ. ಆರನೆಯದರಲ್ಲಿ ಕ್ಯಾಪ್ಟನ್ ಮಾರಾಳ ಗಂಡನ ಪಾತ್ರಕ್ಕೆ ಬೇರೆಯವನನ್ನು ತಂದು ನಿಲ್ಲಿಸಿದರು. ಮೂಗು ಬೇರೆ, ದನಿ ಬೇರೆ. ಹಡಗಿನಲ್ಲಿ ಒಬ್ಬರೂ ಕೇಳಲಿಲ್ಲ, ನೀನು ಯಾರಪ್ಪಾ ಎಂದು. ನಮ್ಮ ಓಣಿಯಲ್ಲಿ ನಡೆಯುತ್ತಿತ್ತೇ ಅದು? ಏಳರಲ್ಲಿ ಸತ್ತ ಕೆಟ್ಟವನು ತಿರುಗಿ ಬಂದ. ಅವನು ಪ್ರತಿ ಸಲ ಬರುತ್ತಾನೆ. ಕೆಟ್ಟವರಿಗೆ ಮಾತ್ರ ಅಷ್ಟು ಆಯುಷ್ಯ.

ನನ್ನ ದೊಡ್ಡ ತಕರಾರು ಬೇರೆ. ಎಂಟು ಭಾಗದಲ್ಲಿ ಒಬ್ಬರೂ ಉಂಡಿಲ್ಲ. ಹುಟ್ಟುತ್ತಾರೆ, ಸಾಯುತ್ತಾರೆ, ಯುದ್ಧ ಮಾಡುತ್ತಾರೆ. ಒಂದು ರೊಟ್ಟಿ ಮುರಿದದ್ದು ನೋಡಿಲ್ಲ. ಅಡಿಗೆಮನೆ ಇಲ್ಲದ ಹಡಗಿಗೆ ಊರು ಹೇಗೆ ಸಿಗಬೇಕು?

ಮೂರನೆಯದು... ಅದರಲ್ಲಿ ಮಾರಾಳ ಮಗಳು ಲೂಮಿಗೆ ಏನೋ ಆಗುತ್ತದೆ. ಬಾಗಿಲಾಚೆ ಬೆಳ್ಳನೆ ಬೆಳಕು. ಆಮೇಲೆ ಉದ್ದನೆಯ ಒಂದು ಪೆಟ್ಟಿಗೆ, ಮೇಲೆ ನೀಲಿ ದೀಪ. ಲೂಮಿಯನ್ನು ಅದರೊಳಗೆ ಮಲಗಿಸಿದ್ದಾರೆ. ಔಷಧ ಸಿಗುವವರೆಗೆ ನಿದ್ದೆ. ಆಮೇಲಿನ ಪ್ರತಿ ಭಾಗದಲ್ಲೂ ಮಾರಾ ಆ ಪೆಟ್ಟಿಗೆಯ ಹತ್ತಿರ ಕೂರುತ್ತಾಳೆ. ಒಳಗಿಂದ ಹುಡುಗಿಯ ದನಿ ಬರುತ್ತದೆ, ನಿದ್ದೆಯಲ್ಲಿ ಮಾತಾಡಿದ ಹಾಗೆ. ಕಡೆಯ ಭಾಗದಲ್ಲಿ ಲೂಮಿ ಏಳಲೇಬೇಕು. ಅದಕ್ಕೇ ನಾನು ಕಾಯುತ್ತಿರುವುದು. ಬಂದೂಕಿಗಲ್ಲ.

ಒಮ್ಮೆ ಈ ಆನಂದ, “ಅಜ್ಜಿ, ಆ ಹುಡುಗಿ ಸತ್ತಾಳಲ್ರಿ,” ಅಂದಿದ್ದ. ಕಸಬರಿಗೆ ತೆಗೆದುಕೊಂಡೆ. ಗೇಟಿನವರೆಗೆ ಓಡಿದ. ಆಮೇಲೆ ನನ್ನ ಮುಂದೆ ಯಾರೂ ಹಾಗೆ ಅಂದಿಲ್ಲ.

ಮೊದಲ ಎರಡು ಭಾಗ ನಾವು ಮೂವರೂ ಟಾಕೀಜಿಗೆ ಹೋಗಿ ನೋಡಿದೆವು. ನಡುವಿನ ಕುರ್ಚಿ ನನ್ನ ಮಗಳು ನೀಲಾಳದು. ನಮ್ಮಿಬ್ಬರನ್ನು ಸಿನಿಮಾಕ್ಕೆ ಎಳೆದೊಯ್ದವಳೇ ಅವಳು. ಸಾಲಿಯಲ್ಲಿ ಹಿಂದಿ ಕಲಿತಿದ್ದಳು, ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ನನ್ನ ಉರ್ದು ಎಲೆಯ ವ್ಯಾಪಾರಕ್ಕೆ ಸಾಕು, ಹಡಗಿನವರ ಹಿಂದಿಗೆ ಸಾಲದು. 1999ರಲ್ಲಿ ಕಾಮಾಲೆಯಾಗಿ ನೀಲಾ ಹೋದಳು. ಹದಿನಾಲ್ಕು ವರ್ಷ. ಅದೇ ವರ್ಷ ಮೂರನೆಯದು ಬಂತು. ನಾನು ಕದ ಹಾಕಿಕೊಂಡು ಕುಳಿತಿದ್ದೆ. ದಿಲ್ಶಾದ ಬಂದು ಎಬ್ಬಿಸಿದಳು. “ಆಕಿ ನೋಡಬೇಕಂದಿದ್ಲು. ಆಕಿ ಸಲುವಾಗಿ ನೋಡು,” ಅಂದಳು. ಟಾಕೀಜಿನಲ್ಲಿ ನಡುವಿನ ಕುರ್ಚಿ ಖಾಲಿ ಇತ್ತು. ಸ್ವಲ್ಪ ಹೊತ್ತಿಗೆ ದಿಲ್ಶಾದಳೇ ಸರಿದು ಅದರಲ್ಲಿ ಕುಳಿತಳು. ನನ್ನ ಕಿವಿಗೆ ಬಾಯಿ ಹಚ್ಚಿದಳು.

ಅಂದಿನಿಂದ ಕಾಫಿಲಾ ಎಂದರೆ ದಿಲ್ಶಾದಳ ದನಿ. ಟಿವಿಯಲ್ಲಿ ಹಾಕಿದಾಗಲೂ ಬಂದು ಪಕ್ಕದಲ್ಲಿ ಕೂತು ಹೇಳುವಳು. ತಪ್ಪಿಸಿದ್ದೇ ಇಲ್ಲ.

17 ಆಗಸ್ಟ್, ರವಿವಾರ

ಇವಳಿಗೆ ಏನು ಬಂದಿದೆಯೋ.

ನಿನ್ನೆ ಕನ್ನಡದ ಮೊದಲ ಭಾಗ ಹಾಕು ಅಂದೆ ವಾಣಿಶ್ರೀಗೆ. ಹಾಕಿದ್ದೇ ತಡ, ದಿಲ್ಶಾದ ಬಂದಳು. ತಿನ್ನಲು ಡಬ್ಬಿ ತುಂಬ ಖಾರ ತಂದಿದ್ದಳು. ಕುಳಿತಳು. ಸೊಸೆಯ ಕಥೆ, ಮೊಣಕಾಲ ಕಥೆ, ಹಾನಗಲ್ಲಿನಲ್ಲಿ ಟೀಚರ್ ಆಗಿರುವ ಮಗಳು ಮದಿಹಾಳ ಕಥೆ. ಟಿವಿಯೊಳಗೆ ಭೂಮಿ ಸುಡುತ್ತಿದೆ, ಇವಳ ಬಾಯಿ ನಿಲ್ಲದು. ಕಡೆಗೆ ವಾಣಿಶ್ರೀಯೇ ಬಂದ್ ಮಾಡಿದಳು. ಇವತ್ತು ಅವಳಿಂದ ಗೊತ್ತಾಯಿತು. ದಿಲ್ಶಾದ ಅವಳನ್ನು ಬದಿಗೆ ಕರೆದು, “ನಿಮ್ಮ ಆಯಿಗೆ ಅದನ್ನ ಹಚ್ಚಿ ಕೊಡಬ್ಯಾಡವಾ, ಟಿವಿ ಕೆಟ್ಟೈತಿ ಅನ್ನು,” ಅಂದಿದ್ದಾಳಂತೆ.

ಎಷ್ಟು ಅಸೂಯೆ ನೋಡಿ!

ಡಬ್ಬಿಯಲ್ಲಿ ಎಲೆ ಹಾಕಿ ಕಳಿಸಿದೆ. ಸ್ಟೀಲಿನ ಡಬ್ಬಿ, ಮುಚ್ಚಳದ ಮೇಲೆ ಅವಳ ಗಂಡನ ಹೆಸರು ಕೊರೆದದ್ದು. ಗಂಡ ಹೋದ, ಹೆಸರು ನಮ್ಮೆರಡು ಮನೆಯ ನಡುವೆ ಓಡಾಡುತ್ತದೆ. ಈ ಓಣಿಯಲ್ಲಿ ಯಾರ ಮನೆಯ ಪಾತ್ರೆಯೂ ಬರಿದಾಗಿ ತಿರುಗುವುದಿಲ್ಲ. ಏನೂ ಇಲ್ಲದ ದಿನ ಚಿಟಿಕೆ ಸಕ್ಕರೆ ಹಾಕಿಯಾದರೂ ಕಳಿಸುತ್ತೇವೆ. ಬರಿ ಪಾತ್ರೆ ಕಳಿಸಿದರೆ ಇನ್ನು ಬರಬೇಡ ಎಂದ ಹಾಗೆ.

24 ಆಗಸ್ಟ್, ರವಿವಾರ

ದಿಲ್ಶಾದ ಮದುವೆಗೆಂದು ಶಿಗ್ಗಾಂವಿಗೆ ಹೋಗಿದ್ದಾಳೆ. ಈಗಲೇ ಸಮಯ. ಬೆಳಿಗ್ಗೆ ಒಂದನೆಯದು, ಊಟದ ಮೇಲೆ ಎರಡನೆಯದು.

ಸಂಜೆ ಮೂರನೆಯದು ನೋಡಿದೆ. ಕನ್ನಡದಲ್ಲಿ.

ಊಟ ಬೇಡ ಅಂದೆ.

26 ಆಗಸ್ಟ್, ಮಂಗಳವಾರ

ಲೂಮಿ ಸತ್ತಿದ್ದಾಳೆ.

ಹಡಗಿನ ಹೊರಬಾಗಿಲ ಚಿಲಕ ಸರಿಪಡಿಸಲು ಹೋದಳು. ಬೆಳ್ಳನೆ ಬೆಳಕು. ಅಷ್ಟೇ. ಮೈ ಕೂಡ ಸಿಗಲಿಲ್ಲ. ಪೆಟ್ಟಿಗೆಯಲ್ಲಿ ಯಾರೂ ಮಲಗಿಲ್ಲ. ಆ ಪೆಟ್ಟಿಗೆ ಹುಡುಗಿಯ ದನಿ ತುಂಬಿಟ್ಟ ಯಂತ್ರ. ಬದುಕಿದ್ದಾಗ ಆಡಿದ ಮಾತು, ಹಾಡು, ನಗು. ತಾಯಿ ಗುಂಡಿ ಒತ್ತಿ ಕೇಳುತ್ತಾಳೆ. ಪ್ರತಿ ಭಾಗದಲ್ಲೂ ಅಷ್ಟೇ ಮಾಡುತ್ತಿದ್ದಳು. ಮಗಳು ಎದ್ದಳೇ ಎಂದು ಕೇಳುತ್ತಿರಲಿಲ್ಲ.

“ನಿಜ ಹೌದೇನು ಇದು, ಕನ್ನಡದಾವ್ರು ತಪ್ಪ ಹಾಕ್ಯಾರೇನು?” ಎಂದು ವಾಣಿಶ್ರೀಗೆ ಕೇಳಿದೆ. ಹಿಂದಿಯದನ್ನು ಹಾಕಿ ಕೇಳಿ ನೋಡಿದಳು. ತಲೆ ತಗ್ಗಿಸಿದಳು. ಆ ಹುಡುಗಿ ಎಂದೂ ತಲೆ ತಗ್ಗಿಸಿದವಳಲ್ಲ.

ಇವತ್ತು ದಿಲ್ಶಾದ ಶಿಗ್ಗಾಂವಿಯಿಂದ ಬಂದಳು. ಹೊಸ್ತಿಲಲ್ಲಿ ನನ್ನ ಮುಖ ನೋಡಿ ನಿಂತುಬಿಟ್ಟಳು.

“ನೋಡಿದಿ ಅನಸ್ತೈತಿ.”

“ನೋಡಿದೆ.”

“ಸರೋಜಾ, ಆವತ್ತ ಸಿನಿಮಾದಾಗ ಏನೈತಿ ಅಂತ ನನಗೂ ಗೊತ್ತಿರಲಿಲ್ಲ. ಹುಡುಗಿ ಬಾಗಿಲಾ ದಾಟಿದ್ಲು. ನೀ ನನ್ನ ಕೈ ಹಿಡ್ಕೊಂಡು, ‘ಏನಾತು, ಏನಾತು’ ಅನ್ನಾಕತ್ತಿದ್ದಿ. ಬಾಯಾಗ ಬಂದಿದ್ದು ಹೇಳೇನಿ.”

“ಆವತ್ತ ಒಂದ ದಿನ ಆತು. ಆಮ್ಯಾಲೆ? ಇಪ್ಪತ್ತಾರು ವರ್ಷ ನಿನ್ನ ಬಾಯಿ ಯಾರು ಕಟ್ಟಿದ್ರು?”

“ಟಾಕೀಜಿಂದ ಹೊರಗ ಬಂದು ನೀ ಊಟ ಕೇಳಿದಿ. ತಿಂಗಳಾಗಿತ್ತು ನೀ ಹಸಿವಿ ಅಂದು. ಆಮ್ಯಾಲೆ ಹೆಂಗ ಹೇಳಲಿ?”

“ಊರ ಮಂದಿ ಎಲ್ಲಾ ನನಗ ಮಗಳು ಹೋದ್ಲು ಅಂತ ಹೇಳಿದ್ರು. ನೀ ಒಬ್ಬಾಕಿ ಮಲಗ್ಯಾಳ ಅಂದಿ. ಸಿನಿಮಾದ ಹುಡುಗಿ ಹೆಸರಲೆ ನನ್ನ ಕಾಯಾಕ ಹಚ್ಚಿದಿ. ನಾ ಯಾರನ್ನ ಕಾದೇನಿ ಗೊತ್ತೈತೇನು ನಿನಗ?”

ಅವಳು ಬಾಯಿ ತೆರೆದಳು. ನಾನು ಕದ ಹಾಕಿದೆ.

ನನಗೂ ಗೊತ್ತಿತ್ತಲ್ಲ, ಅದು ಬರೇ ಸಿನಿಮಾ ಎಂದು. ಗೊತ್ತಿತ್ತು. ಆದರೆ ಪ್ರತಿ ಭಾಗದಲ್ಲಿ ಆ ನೀಲಿ ದೀಪ ಉರಿಯುವುದನ್ನು ನೋಡಿ ಮನೆಗೆ ಬಂದ ದಿನ ಚೆನ್ನಾಗಿ ನಿದ್ದೆ ಬರುತ್ತಿತ್ತು. ರವಿವಾರ ಸಂಜೆ ನೀಲಾಳನ್ನು ಎರಡನೇ ಸಲ ಮಣ್ಣು ಮಾಡಿದೆ. ಈ ಸಲ ಕೂಡಿ ಅಳಲು ಯಾರೂ ಬರಲಿಲ್ಲ. ಟಿವಿಯ ಮುಂದೆ ಯಾರು ಬರುತ್ತಾರೆ.

6 ಸೆಪ್ಟೆಂಬರ್, ಶನಿವಾರ

ನಿನ್ನೆ ಅವರ ಹಬ್ಬ. ದಿಲ್ಶಾದ ಡಬ್ಬಿಯಲ್ಲಿ ಶಾವಿಗೆ ಪಾಯಸ ಕಳಿಸಿದ್ದಳು. ಕಳಿಸಿದವಳೇ ಹೊರತು ಬರಲಿಲ್ಲ. ಮಕ್ಕಳೆಲ್ಲ ತಿಂದರು. ನಾನು ಮುಟ್ಟಲಿಲ್ಲ.

ಡಬ್ಬಿ ತೊಳೆದೆ. ಒರೆಸಿದೆ. ಹಾಗೇ ಕಳಿಸಿದೆ.

ವಾಣಿಶ್ರೀ ಡಬ್ಬಿ ಅಲ್ಲಾಡಿಸಿ ನೋಡಿ, “ಆಯಿ, ಒಳಗ ಏನೂ ಇಲ್ಲ,” ಅಂದಳು.

“ಕಣ್ಣು ಕಾಣ್ತಾವ ನನಗ. ಕೊಟ್ಟು ಬಾ.”

ಕೊಟ್ಟು ಬಂದಳು. ದಿಲ್ಶಾದ ಮುಚ್ಚಳ ತೆಗೆದು ನೋಡಿದಳಂತೆ. ಬಹಳ ಹೊತ್ತು ನೋಡಿದಳಂತೆ, ಅಷ್ಟೇ.

ಆಗಲಿ.

21 ಸೆಪ್ಟೆಂಬರ್

ಒಬ್ಬಳೇ ಎಲೆ ಜೋಡಿಸಿದೆ. ಸೊಸೆ ಸುಧಾರಾಣಿ ಬಂದು ಕುಳಿತಿದ್ದಳು. ಅವಳಿಗೆ ಧಾರಾವಾಹಿ ಸಾಕು. ಸಣ್ಣ ಎಲೆ ದೊಡ್ಡ ಎಲೆ ಕೂಡಿಸಿಬಿಟ್ಟಳು. ಬಿಚ್ಚಿ ಮತ್ತೆ ಕಟ್ಟಿದೆ.

ಎಂಟನೆಯದರಲ್ಲಿ ಒಂದು ಸಂಶಯ ಇತ್ತು. ಡಬ್ಬಿಯಣ್ಣನ ಕೈ ಮುರಿದದ್ದು ಎಡವೋ ಬಲವೋ. ಕೇಳಲು ಬಾಯಿ ತೆರೆದೆ, ಎದುರು ಸುಧಾರಾಣಿ.

ಓಣಿಯ ಆಚೆ ಅವಳ ಕದ ತೆರೆದೇ ಇತ್ತು. ನೋಡಲಿಲ್ಲ. ತೆರೆದಿತ್ತು ಎಂದು ಗೊತ್ತು ಅಷ್ಟೇ.

30 ಸೆಪ್ಟೆಂಬರ್, ಮಂಗಳವಾರ

ದಿಲ್ಶಾದಳಿಗೆ ಲಕ್ವಾ ಹೊಡೆದಿದೆ. ಹೋದ ವಾರವೇ. ಅವಳ ಹೆಸರು ಎತ್ತಿದರೆ ಸಿಡುಕುತ್ತೇನೆಂದು ಮನೆಯವರು ನನಗೆ ಇವತ್ತು ಹೇಳಿದರು. ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಳಂತೆ. ಮಗ ಅಲ್ಲಾಭಕ್ಷ ಹುಬ್ಬಳ್ಳಿಗೆ ಒಯ್ದಿದ್ದ. ಈಗ ಹಾನಗಲ್ಲಿನಲ್ಲಿ ಮದಿಹಾಳ ಮನೆಯಲ್ಲಿ ಇಟ್ಟಿದ್ದಾರೆ. ಓಣಿಯ ಮನೆಗೆ ಬೀಗ.

ಆ ದಿನ ಆಂಬುಲೆನ್ಸ್ ಬಂದ ಸದ್ದು ಕೇಳಿದ್ದೆ. ಯಾರದೋ ಎಂದುಕೊಂಡೆ. ಎಲೆ ತೊಯ್ಸುತ್ತಿದ್ದೆ. ಏಳಲಿಲ್ಲ.

ಬಲಗೈ ಬಲಗಾಲು ಹೋಗಿವೆ. ಮಾತು ಹೋಗಿದೆ. ಬರುವುದಿಲ್ಲವಂತೆ.

ಮಾತು.

5 ಅಕ್ಟೋಬರ್, ರವಿವಾರ

ಹಾನಗಲ್ಲಿಗೆ ಹೋಗಿ ಬಂದೆ. ಬಂಕಾಪುರದಲ್ಲಿ ಬಸ್ಸು ಬದಲಿಸಬೇಕು. ಬಸವೇಶ ಗಾಡಿ ಮಾಡುತ್ತೇನೆ ಅಂದ. ಬೇಡ ಅಂದೆ. ಗಾಡಿಯಲ್ಲಿ ಬೇಗ ಮುಟ್ಟುತ್ತೇವೆ. ಬೇಗ ಮುಟ್ಟಲು ಧೈರ್ಯ ಇರಲಿಲ್ಲ.

ಕಿಟಕಿಯ ಹತ್ತಿರ ಮಂಚ. ಬಾಯಿ ಒಂದು ಕಡೆ ಎಳೆದಿದೆ. ನನ್ನನ್ನು ನೋಡಿ ಎಡಗಣ್ಣಿನಿಂದ ನೀರು. ನಾನು ಅಳಲಿಲ್ಲ. ಬೈದೆ.

“ಏನ ಇದು? ಜಗಳಾ ಮುಗಿಯೋದ್ರಾಗ ಬಾಯಿ ಕಟ್ಟಿಕೊಂಡು ಮಲಗಿದ್ರ ಗೆದ್ದಂಗೇನು? ಏಳು. ನನಗ ನೀ ಇನ್ನೂ ಉತ್ತರ ಕೊಡೋದೈತಿ.”

ಬಾಯಿಯ ಒಂದು ಅರ್ಧ ನಕ್ಕಿತು. ಎಡಗೈಯಿಂದ ನನ್ನ ಮುಂಗೈ ಚಿವುಟಿದಳು. ಟಾಕೀಜಿನಲ್ಲಿ ನಾನು ನಡುನಡುವೆ ಪ್ರಶ್ನೆ ಕೇಳಿದರೆ ಹಾಗೇ ಚಿವುಟುತ್ತಿದ್ದಳು. ಸುಮ್ಮನೆ ನೋಡು, ಹೇಳುತ್ತೇನೆ ಎಂದು.

ಮದಿಹಾ ಚಹಾ ಕೊಟ್ಟಳು. ಅಡಿಗೆಮನೆಯಲ್ಲಿ ಕುಳಿತೆವು. ನಮ್ಮ ಜಗಳ ಅವಳಿಗೆ ಗೊತ್ತಿತ್ತು.

“ಖಾಲಾ, ನಿಮಗೊಂದು ಹೇಳಲೇನ್ರಿ? ಅಮ್ಮಿಗೆ ಆ ಸಿನಿಮಾ ಸೇರ್ತಿರಲಿಲ್ಲ.”

“ಸೇರ್ತಿರಲಿಲ್ಲಾ? ಎಂಟೂ ನೋಡ್ಯಾಳ ನನ್ನ ಜೋಡಿ!”

“ನಿಮ್ಮ ಜೋಡಿ ನೋಡಿದ್ದು ಎರಡನೇ ಸಲ ರೀ. ನಾಕನೇದ್ರಿಂದ ಹಿಡಿದು ಪ್ರತಿ ಸಲ ಮೊದಲ ಹುಬ್ಬಳ್ಳಿಗೆ ಹೋಗಿ ಒಬ್ಬರ ನೋಡಿ ಬರ್ತಿದ್ರು. ನಿಮಗ ಮಾತ್ರ ಅತ್ತಿ ಊರಿಗೆ ಹೊಂಟೇನಿ ಅಂತಿದ್ರು. ಬಂದು ತಲಿಗೆ ಅರಿವಿ ಕಟ್ಟಿಕೊಂಡು ಕುಂದ್ರತಿದ್ರು. ‘ಈ ಸಲ ಆ ತಾಯಿ ಭಾಳ ಅಳ್ತಾಳ, ಇದನ್ನ ಸರೋಜಾಗ ಹೆಂಗ ಹೇಳಲೇ’ ಅಂತ ನನಗ ಕೇಳ್ತಿದ್ರು. ಹಿಂದ ಹೇಳಿದ್ದಕ್ಕ ಹೊಂದಬೇಕಲ್ರಿ? ಅಡಿಗಿ ಮಾಡುವಾಗ ಬಾಯಾಗ ಹೇಳಿ ಹೇಳಿ ನೋಡ್ತಿದ್ರು.”

ಚಹಾ ಆರಿಹೋಯಿತು.

ಅತ್ತೆ ಊರು. ಅವಳ ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು. ನನಗೆ ಅದು ಹೊಳೆಯಲೇ ಇಲ್ಲವಲ್ಲ.

ಏಳುವಾಗ ಆ ಸ್ಟೀಲಿನ ಡಬ್ಬಿ ಎಲ್ಲಿ ಎಂದು ಕೇಳಿದೆ. ಎಲೆ ತುಂಬಿ ಕೊಟ್ಟರೆ ಸರಿಯಾಗುತ್ತದೆ ಎಂದು.

“ಸವಣೂರಾಗ ಐತ್ರಿ. ಬೀಗದ ಮನ್ಯಾಗ,” ಅಂದಳು. “ಕೀಲಿ ಅಣ್ಣನ ಹತ್ರ. ಅಂವಾ ದಾವಣಗೆರೆಗೆ ಡ್ಯೂಟಿಗೆ ಹೋಗ್ಯಾನ.”

ತಂದಿದ್ದ ಎಲೆಯನ್ನು ಬೇರೆ ಪಾತ್ರೆಯಲ್ಲಿ ಕೊಟ್ಟು ಬಂದೆ. ಅದು ಲೆಕ್ಕಕ್ಕಿಲ್ಲ.

23 ಅಕ್ಟೋಬರ್, ಗುರುವಾರ

ಹಬ್ಬದ ಎಣ್ಣೆಯ ವಾಸನೆ ಇನ್ನೂ ಕೈಯಲ್ಲಿ. ವಾಣಿಶ್ರೀ ಹಾವೇರಿಗೆ ಕರೆದುಕೊಂಡು ಹೋಗಿ ಒಂಬತ್ತನೆಯದು ತೋರಿಸಿದಳು. ದಿಲ್ಶಾದ ನೋಡುವಂತಿಲ್ಲ. ಈ ಸಲ ಮೊದಲು ಹೋಗಿ ನೋಡಿ ಬರುವ ಪಾಳಿ ನನ್ನದು.

ನಡುವಿನ ಕುರ್ಚಿ ಎಂದು ಒಂದು ಬಿಟ್ಟು ಕುಳಿತೆ. ವಾಣಿಶ್ರೀ ಅದರಾಚೆ ಕುಳಿತಳು. ಯಾರೋ ಬಂದು ಅದರಲ್ಲಿ ಕುಳಿತು ಹುರಿದ ಕಾಳು ತಿಂದ.

ಸಿನಿಮಾ ಚೆನ್ನಾಗಿದೆ. ಅದೇ ಸಿಟ್ಟು. ಕೆಟ್ಟದಿದ್ದರೆ ಬೈದು ಬರಬಹುದಿತ್ತು. ಕಡೆಗೂ ಊರು ಸಿಗುತ್ತದೆ. ಹಸಿರು, ನೀರು, ಗಾಳಿ. ಇಳಿಯುವ ಮೊದಲು ಮಾರಾ ಪೆಟ್ಟಿಗೆಯ ಹತ್ತಿರ ಬರುತ್ತಾಳೆ. ಕೂದಲು ಈಗ ಬೆಳ್ಳಗಾಗಿದೆ. ಇಷ್ಟು ವರ್ಷವೂ ಅವಳ ಪಾತ್ರಕ್ಕೆ ಅದೇ ನಟಿ, ಅದೊಂದರಲ್ಲಿ ಸಿನಿಮಾದವರು ನಿಯತ್ತಾಗಿ ನಡೆದರು. ಕಡೆಯ ಸಲ ಮಗಳ ದನಿ ಕೇಳುತ್ತಾಳೆ. “ಅಮ್ಮಾ, ಬಾಗಿಲು ತೆಗೆದೇ ಇರಲಿ, ಈಗ ಬಂದೆ” — ಅಷ್ಟೇ ಮಾತು. ಆಮೇಲೆ ತನ್ನ ಕೈಯಾರೆ ನೀಲಿ ದೀಪ ಆರಿಸುತ್ತಾಳೆ. ಪೆಟ್ಟಿಗೆಯನ್ನು ಆಕಾಶಕ್ಕೆ ಬಿಡುತ್ತಾಳೆ. ಅದು ತಿರುಗುತ್ತ ತಿರುಗುತ್ತ ಸಣ್ಣದಾಗುತ್ತದೆ.

ಪಕ್ಕದವನು ಕಾಳು ತಿನ್ನುವುದು ಬಿಟ್ಟ.

ಇದನ್ನು ದಿಲ್ಶಾದಳಿಗೆ ಹೇಗೆ ಹೇಳಲಿ?

ಅವಳಿಗೆ ನಿಜ ಗೊತ್ತು. ಲೂಮಿ ಇಲ್ಲ ಎಂಬುದು ನನಗಿಂತ ಮೊದಲು ಅವಳಿಗೆ ಗೊತ್ತು. ಹಾಗಿದ್ದರೆ ಇದ್ದದ್ದು ಇದ್ದ ಹಾಗೆ ಹೇಳಬಹುದು. ಆದರೆ ಇಪ್ಪತ್ತಾರು ವರ್ಷ ಅವಳು ಕಟ್ಟಿದ ಇನ್ನೊಂದು ಕಾಫಿಲಾ ಇದೆಯಲ್ಲ. ಅದರ ಕಡೆಯ ಭಾಗ ಯಾರೂ ತೆಗೆದಿಲ್ಲ.

ಬರುವಾಗ ಬಸ್ಸಿನಲ್ಲಿ ಬಾಯಲ್ಲೇ ಹೇಳಿ ಹೇಳಿ ನೋಡಿದೆ. ವಾಣಿಶ್ರೀ, “ಆಯಿ, ಯಾರ ಜೋಡಿ ಮಾತಾಡಾಕತ್ತೀದಿ?” ಅಂದಳು.

“ಸುಮ್ನ ಕುಂದ್ರು. ಹೊಂದಸಾಕತ್ತೇನಿ.”

26 ಅಕ್ಟೋಬರ್, ರವಿವಾರ

ಹಾನಗಲ್ಲು. ಮೊದಲಿಗಿಂತ ಸಣ್ಣಗಾಗಿದ್ದಾಳೆ. ಉಣ್ಣುವುದು ಬಿಟ್ಟಿದ್ದಾಳಂತೆ. ಚಮಚದಲ್ಲಿ ಗಂಜಿ ಕೊಟ್ಟರೆ ತುಟಿಯ ಕೊನೆಯಿಂದ ಹೊರಗೆ. ಮದಿಹಾಳನ್ನು ಹೊರಗೆ ಕಳಿಸಿದೆ. ಮಂಚದ ಮೇಲೆ ಏರಿ ಅವಳ ಪಕ್ಕಕ್ಕೆ ಒರಗಿದೆ. ಕಿವಿಗೆ ಬಾಯಿ ಹಚ್ಚಿದೆ. ಎಣ್ಣೆಯ ವಾಸನೆ, ಔಷಧದ ವಾಸನೆ.

“ಒಂಬತ್ತನೇದು ನೋಡಿ ಬಂದೇನಿ. ಕೇಳ್ತೀಯೇನು?”

ಚಿವುಟಿದಳು.

ಹಡಗು ಊರು ಮುಟ್ಟಿದ್ದು ಹೇಳಿದೆ. ಡಬ್ಬಿಯಣ್ಣ ಮೊದಲು ಇಳಿದು ನೆಲ ಮುಟ್ಟಿ ನೋಡಿದ್ದು ಹೇಳಿದೆ. ಇಲ್ಲಿಯವರೆಗೆ ಎಲ್ಲ ನಿಜ.

“ಮಾರಾ ಪೆಟ್ಟಿಗಿ ಹತ್ರ ಬಂದ್ಲು. ತಲಿ ಪೂರಾ ಬೆಳ್ಳಗ, ನಮ್ಮಂಗ. ನೀಲಿ ದೀಪ ಆರಿತು. ನನಗ ಎದಿ ಧಸಕ್ಕಂತು ನೋಡು. ಆರಿದ್ದು ಯಾಕಂದ್ರ... ಅದರ ಕೆಲಸಾ ಮುಗೀತು. ಮುಚ್ಚಳ ತಗೀತು. ಲೂಮಿ ಎದ್ದು ಕುಂತ್ಲು.”

ದಿಲ್ಶಾದ ಕಿವಿಯನ್ನು ನನ್ನ ಬಾಯಿಗೆ ಇನ್ನಷ್ಟು ಒತ್ತಿದಳು. ಕೇಳುತ್ತಿದ್ದಳು.

“ಹಂಗ ಅದಾಳ. ಅದ ವಯಸ್ಸು. ಎರಡು ಜಡಿ. ಕಣ್ಣು ತಿಕ್ಕೊಂಡು ಸುತ್ತಲೂ ನೋಡಿ ಏನಂದ್ಲು ಹೇಳು? ‘ಅವ್ವಾ, ಹಸಿವ್ಯಾಗೈತಿ’ ಅಂದ್ಲು. ಒಂಬತ್ತು ಭಾಗದಾಗ ಅದ ಮೊದಲ ಸಲ ಒಬ್ರು ಹಸಿವಿ ಅಂದಿದ್ದು! ಹಡಗಿನ ಮಂದಿ ಎಲ್ಲಾ ಒಬ್ರ ಮಾರಿ ಒಬ್ರು ನೋಡಿದ್ರು. ಡಬ್ಬಿಯಣ್ಣ ಓಡಿ ಹೋಗಿ ಒಲಿ ಹಚ್ಚಿದ. ಮಾರಾ ಹಿಟ್ಟು ನಾದಿ ರೊಟ್ಟಿ ಬಡದ್ಲು. ಬಿಸಿ ರೊಟ್ಟಿ, ಬೆಣ್ಣಿ. ಹುಡುಗಿ ಮುರಿದು ಬಾಯಿಗೆ ಇಟ್ಕೊಂಡ್ಲು. ಅಷ್ಟ. ಅಲ್ಲಿಗೆ ಮುಗೀತು.”

ಎಡಗಣ್ಣಿನ ನೀರು ನನ್ನ ಕೆನ್ನೆಗೆ ತಾಗಿತು. ಅರ್ಧ ಬಾಯಿ ನಗುತ್ತಿತ್ತು. ರೊಟ್ಟಿ ಬಡಿದದ್ದು ಸ್ವಲ್ಪ ಹೆಚ್ಚಾಯಿತು ಎಂದು ಆ ನಗುವಿನಲ್ಲೇ ಅಂದಳು, ನನಗೆ ತಿಳಿಯುತ್ತದೆ. ಆಮೇಲೆ ಚಿವುಟಿದಳು. ಗಟ್ಟಿಯಾಗಿ. ಇನ್ನೂ ಕೆಂಪಗಿದೆ ಮುಂಗೈ.

ಮದಿಹಾ ಗಂಜಿ ತಂದಳು. ನಾಲ್ಕು ಚಮಚ ಹೋಯಿತು.

12 ನವೆಂಬರ್, ಬುಧವಾರ

ನಿನ್ನೆ ಬೆಳಿಗ್ಗೆ ಹೋದಳು.

ಸವಣೂರಿಗೆ ತಂದರು. ಬೀಗ ತೆಗೆದರು. ಮುಖ ನೋಡಿದೆ. ಬಾಯಿ ನೆಟ್ಟಗಾಗಿತ್ತು. ಗಂಡಸರು ಹೊತ್ತು ನಡೆದರು. ಹೆಂಗಸರು ಅಲ್ಲಿಗೆ ಹೋಗುವಂತಿಲ್ಲ. ಓಣಿಯ ತಿರುವಿನವರೆಗೆ ನೋಡಿದೆ.

23 ನವೆಂಬರ್, ರವಿವಾರ. ಎಲೆ ಮುಗಿದ ಮೇಲೆ

ದಿಲ್ಶಾದ, ಇದು ನಿನಗೆ.

ಆ ದಿನ ಎಲ್ಲರೂ ಒಳಗೆ ಅಳುತ್ತಿದ್ದಾಗ ನಾನು ನಿನ್ನ ಅಡಿಗೆಮನೆಗೆ ಹೋದೆ. ಕಳ್ಳಿಯ ಹಾಗೆ. ಡಬ್ಬಿ ಒಲೆಯ ಮೇಲಿನ ಗೂಡಿನಲ್ಲಿತ್ತು. ಬರಿದೇ ಇತ್ತು. ನೀನು ಅದರಲ್ಲಿ ಬೇಳೆ ಹಾಕಿಲ್ಲ, ಉಪ್ಪು ಹಾಕಿಲ್ಲ. ನಾನು ಕಳಿಸಿದ ಹಾಗೇ ನೀನು ಇಟ್ಟಿದ್ದೆ. ನಾನು ಸೆರಗಿನಲ್ಲಿ ಎಲೆ ಕಟ್ಟಿಕೊಂಡು ಹೋಗಿದ್ದೆ. ಆರಿಸಿದ್ದು, ಒಂದೇ ಅಳತೆಯದು, ತೊಟ್ಟು ಕೂಡ ಸಮ. ತುಂಬಿದೆ. ಮುಚ್ಚಳ ಒತ್ತಿದೆ. ಅಲ್ಲೇ ಇಟ್ಟು ಬಂದೆ. ಮತ್ತೆ ಬೀಗ ಹಾಕಿದ್ದಾರೆ. ಒಳಗೆ ಎಲೆ ಒಣಗಿರುತ್ತವೆ, ಗೊತ್ತು. ಅದು ನಿನ್ನ ಚಿಂತೆ. ತುಂಬಿದ ಡಬ್ಬಿ ನಿನ್ನ ಮನೆಯಲ್ಲಿದೆ. ಈಗ ಪಾಳಿ ನಿನ್ನದು.

ಆನಂದ ಹೇಳಿದ, ಅವರು ಹತ್ತನೆಯದು ತೆಗೆಯುತ್ತಾರಂತೆ. ಕಡೆಯದು ಅಂದವರು! ನಾನು ನೋಡುವುದಿಲ್ಲ. ನಮ್ಮದು ರೊಟ್ಟಿಗೆ ಮುಗಿದಿದೆ.

ಆದರೆ ಒಂದು ಕೇಳುವುದಿದೆ. ಯಾವಾಗಲೂ ನೀನೇ ಮೊದಲು ಹೋಗಿ ನೋಡಿ ಬರುತ್ತಿದ್ದೆ. ಅತ್ತೆ ಊರು ಎಂದು ಸುಳ್ಳು ಹೇಳಿ. ಈ ಸಲವೂ ಮೊದಲೇ ಹೋದೆ, ಹೇಳದೆ. ಹೋದವಳು ನೋಡಿರುತ್ತೀಯ. ನನ್ನ ನೀಲಾ ಅಲ್ಲಿ ಇದ್ದಾಳೋ. ಮಲಗಿದ್ದಾಳೋ, ಎದ್ದಿದ್ದಾಳೋ. ಏನಾದರೂ ಉಂಡಳೋ. ನಿಜ ಹೇಳಬೇಕು ಎಂದೇನಿಲ್ಲ. ಹಿಂದೆ ಹೇಳಿದ್ದಕ್ಕೆ ಹೊಂದಿದರೆ ಸಾಕು.

ಡಬ್ಬಿ ಬರಿದಾಗಿ ಕಳಿಸಿದರೆ ನೋಡು. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರಬೇಕು. ಬರೆಯಲು ಬರದಿದ್ದರೆ ಕಿವಿಯಲ್ಲೇ ಹೇಳು. ಪಕ್ಕದ ಕುರ್ಚಿ ಖಾಲಿ ಇಟ್ಟು ಕುಳಿತಿದ್ದೇನೆ, ಸರಿದು ಬಂದು —